ಮುನಿರಾಬಾದ್ ಹಾದಿ: ತುಂಗಭದ್ರೆಯ ಎಡದಂಡೆಯಲ್ಲಿ ವಿದೇಶಿಯರ ಬಸ್ ಪ್ರಯಾಣ

ಕೊಪ್ಪಳ ಜಿಲ್ಲೆಯ ಮುನಿರಾಬಾದ್ ತುಂಗಭದ್ರಾ ಅಣೆಕಟ್ಟಿನ ಎಡಬದಿಗೆ ಬೆಳೆದ ಊರು. ಹೊಸಪೇಟೆಯಿಂದ ಹೊಳೆ ದಾಟಿ ಬಂದ ಬಸ್ಸುಗಳು ಕೊಪ್ಪಳಕ್ಕೋ ಕುಷ್ಟಗಿಗೋ ಗಂಗಾವತಿಗೋ ಕವಲೊಡೆಯುವುದು ಇದರ ಆಸುಪಾಸಿನಲ್ಲೇ. ಹಂಪಿ ನೋಡಲು ಬಂದ ವಿದೇಶಿಯರಲ್ಲಿ ಈ ಊರಿನ ಹೆಸರು ಬಲ್ಲವರು ಕಡಿಮೆ. ಆದರೂ ಹಂಪಿಯ ಎದುರು ದಡದ ಆನೆಗುಂದಿ, ಸಣಾಪುರ, ವಿರೂಪಾಪುರ ಗಡ್ಡೆಗಳಿಗೆ ಹೊಸಪೇಟೆಯಿಂದ ಹುಲಿಗಿ ಮಾರ್ಗದ ಬಸ್ಸು ಹತ್ತಿದವರು ಇದನ್ನು ಹಾದೇ ಹೋಗಬೇಕು. ಇಲ್ಲಿಯ ಪ್ರಯಾಣದ ಚರಿತ್ರೆ ಹೆಚ್ಚೂಕಡಿಮೆ ಹೊಳೆ ದಾಟುವುದರ ಚರಿತ್ರೆಯೇ.

ಬಸ್ಸಿಗೆ ಮುಂಚೆ

ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ವಿಜಯನಗರ ಸೇರಿದ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗುಂದಿಗೆ ದಾಟುವ ಹರಿಗೋಲನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಯುವಷ್ಟು ಅಗಲ. ಹುಟ್ಟು ಹಾಕಿದರೆ ನೆಟ್ಟಗೆ ಹೋಗದೆ ಗಿರಗಿರನೆ ಸುತ್ತುತ್ತದೆ ಎಂಬುದನ್ನೂ ಆತ ಬರೆಯಲು ಮರೆತಿಲ್ಲ. ಇಂದು ಸಣಾಪುರದ ಕೆರೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ತೆಪ್ಪದವರು ಬೇಕೆಂದೇ ಅದೇ ಸುತ್ತು ಸುತ್ತಿಸುತ್ತಾರೆ. ಐನೂರು ವರ್ಷದಲ್ಲಿ ಚರ್ಮ ಹೋಗಿ ಟಾರು ಬಳಿದ ಹೊದಿಕೆ ಬಂದಿದೆ, ಅಷ್ಟೆ.

1880ರ ದಶಕದಲ್ಲಿ ಹೊಸಪೇಟೆಗೆ ರೈಲು ಬಂತು. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸ ಗ್ರಂಥದಲ್ಲಿ ಪಾಯಸ್ ಮತ್ತು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನ್ಯೂನಿಜರ ಬರಹಗಳ ಇಂಗ್ಲಿಷ್ ಅನುವಾದವೂ ಇದ್ದದ್ದರಿಂದ, ಹಂಪಿಯ ಹೆಸರು ಹೊರನಾಡಿನ ಓದುಗರಿಗೆ ಮುಟ್ಟಿತು.

ಎರಡು ದಡ, ಎರಡು ಸರ್ಕಾರ

ಆಗ ಹೊಳೆಯೇ ಗಡಿ. ಹೊಸಪೇಟೆ ಮದರಾಸು ಪ್ರಾಂತದಲ್ಲಿತ್ತು. ಎಡದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ದಾಟಿದರೆ ಕಚೇರಿಯ ಭಾಷೆ ಬೇರೆ, ನಾಣ್ಯವೂ ಬೇರೆ, ಹಾಲಿ ಸಿಕ್ಕಾ. ನಿಜಾಮರ ರೈಲ್ವೆ ಇಲಾಖೆ 1932ರ ಜೂನ್‌ನಲ್ಲಿ 27 ಬಸ್ಸುಗಳೊಂದಿಗೆ ಸರ್ಕಾರಿ ಬಸ್ ಸಂಚಾರ ಆರಂಭಿಸಿತು. ಮೈಸೂರು ಸರ್ಕಾರದ ಬಸ್ಸುಗಳು ರಸ್ತೆಗಿಳಿದದ್ದು ಅದಕ್ಕೂ ಹದಿನಾರು ವರ್ಷ ತಡವಾಗಿ, 1948ರಲ್ಲಿ. ಹಿಂದುಳಿದ ಪ್ರದೇಶವೆಂದೇ ಹೆಸರಾದ ಈ ಭಾಗ ಬಸ್ಸಿನ ಮಟ್ಟಿಗೆ ಮುಂದಿದ್ದ ಸಂಸ್ಥಾನದ್ದು ಎಂಬುದನ್ನು ಯಾರೂ ನೆನೆಯುವುದಿಲ್ಲ.

ಮದರಾಸು, ಹೈದರಾಬಾದ್ ಸರ್ಕಾರಗಳೆರಡೂ ಕೂಡಿ 1945ರಲ್ಲಿ ಅಣೆಕಟ್ಟಿಗೆ ಅಡಿಗಲ್ಲಿಟ್ಟವು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಹೊಸಪೇಟೆ, 1956ರ ನವೆಂಬರ್ 1ರಂದು ಕೊಪ್ಪಳ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದವು. ಎಡದಂಡೆ ಕಾಲುವೆಯ ಗುಂಟ ಗಂಗಾವತಿ ತಾಲ್ಲೂಕು ಭತ್ತದ ನಾಡಾಯಿತು, ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಹೊಸಬರಿಗೆ ಕ್ಯಾಂಪ್ ಎಂದರೆ ಡೇರೆ. ಇಲ್ಲಿ ಅದು ಊರು, ಬಸ್ ಸ್ಟಾಪು.

1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಆಯಿತು. ಈ ಭಾಗಕ್ಕೆ 2000ದಲ್ಲಿ ಕಲಬುರಗಿ ಕೇಂದ್ರದ ಪ್ರತ್ಯೇಕ ನಿಗಮ ಬಂತು. ಅದೇ 2021ರಿಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ.

ಗಡ್ಡೆಯ ಕಾಲ

1980ರಿಂದ ವಿದೇಶಿ ವಿದ್ವಾಂಸರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಹಂಪಿಯಲ್ಲಿ ವರ್ಷ ವರ್ಷವೂ ಬಂದು ಅಧ್ಯಯನ ನಡೆಸಿದರು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆನ್ನಿಗೆ ಚೀಲ ಹೊತ್ತ ಯುವಕರು ಗೋವಾದಿಂದ ರಾತ್ರಿ ಬಸ್ಸಿನಲ್ಲಿ ಬಂದು ವಿರೂಪಾಪುರ ಗಡ್ಡೆಯಲ್ಲಿ ತಂಗತೊಡಗಿದರು. ಅದಕ್ಕೆ ‘ಹಿಪ್ಪಿ ಐಲ್ಯಾಂಡ್’ ಎಂಬ ಹೆಸರೇ ಬಿತ್ತು.

ಆನೆಗುಂದಿಗೆ ನೇರ ರಸ್ತೆಯಾಗಲೆಂದು ತಳವಾರಘಟ್ಟದ ಬಳಿ ಕಟ್ಟತೊಡಗಿದ ಸೇತುವೆ ಸ್ಮಾರಕಗಳಿಗೆ ಅಡ್ಡಿಯೆಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. 2009ರ ಜನವರಿಯಲ್ಲಿ ಆ ಸೇತುವೆ ಮುಗಿಯುವ ಮೊದಲೇ ಕುಸಿಯಿತು. ಗಡ್ಡೆಯಿಂದ ಹಂಪಿಗೆ ದೋಣಿಯಲ್ಲಿ ಕೆಲವೇ ನಿಮಿಷ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ. ಆಗ ಹುಲಿಗಿ, ಮುನಿರಾಬಾದ್, ಹೊಸಪೇಟೆ ಬಳಸಿ ಹೋದರೆ ಸುಮಾರು 40 ಕಿ.ಮೀ. ಸುತ್ತು.

ಗಡ್ಡೆಯ ಅಕ್ರಮ ರೆಸಾರ್ಟುಗಳ ವಿರುದ್ಧದ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಮುಂದಿನ ತಿಂಗಳು ಅವನ್ನು ಕೆಡವಲಾಯಿತು. ವಿದೇಶಿಯರ ವಾಸ್ತವ್ಯ ಸಣಾಪುರ, ಆನೆಗುಂದಿ ಕಡೆಯ ಹೋಂಸ್ಟೇಗಳಿಗೆ ಸರಿಯಿತು. 2025ರ ಮಾರ್ಚ್ 6ರ ರಾತ್ರಿ ಸಣಾಪುರದ ಕಾಲುವೆ ಬಳಿ ಇಸ್ರೇಲಿನ ಪ್ರವಾಸಿ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರವಾಯಿತು. ಜೊತೆಗಿದ್ದ ಮೂವರನ್ನು ಕಾಲುವೆಗೆ ನೂಕಲಾಗಿ, ಒಡಿಶಾದ ಯುವಕನೊಬ್ಬ ಸತ್ತ. ಆ ಬಳಿಕ ಈ ದಡದ ಹೋಂಸ್ಟೇಗಳ ಮೇಲೆ ಪೊಲೀಸರ ನಿಗಾ ಬಿಗಿಯಾಯಿತು.

ಕೆಂಪು ಬಸ್ಸಿನೊಳಗೆ

ಈ ಮಾರ್ಗದ ಬಸ್ಸುಗಳು ಪ್ರವಾಸಿಗರಿಗೆಂದು ಹುಟ್ಟಿದವಲ್ಲ. ಹುಲಿಗಿಯ ದೇವತೆ ಹುಲಿಗೆಮ್ಮನ ಭಕ್ತರು, ಗದ್ದೆ ಕೆಲಸದವರು, ಕಾಲೇಜು ಹುಡುಗರು ಇವನ್ನು ತುಂಬುತ್ತಾರೆ. ಬೋರ್ಡು ಕನ್ನಡದಲ್ಲಿ. ಓದಲಾಗದವರಿಗೆ ಕಂಡಕ್ಟರನ ‘ಹುಲಿಗಿ, ಹುಲಿಗಿ’ ಕೂಗೇ ದಿಕ್ಕು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಪದ್ಧತಿ ವಿದೇಶಿಯರಿಗೆ ಅರ್ಥವಾಗಲು ಒಂದೆರಡು ಪ್ರಯಾಣ ಬೇಕು. ಅವರ ದೊಡ್ಡ ಚೀಲಕ್ಕೆ ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಜಾಗ ಸಿಗುತ್ತದೆ.

2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಹುಲಿಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹೆಂಗಸರ ಕೈಯಲ್ಲೆಲ್ಲ ಶೂನ್ಯ ದರದ ಟಿಕೆಟ್ಟು. ನಡುವೆ ಸಿಕ್ಕಿಕೊಂಡ ವಿದೇಶಿ ಮಹಿಳೆಯ ಟಿಕೆಟ್ಟಿನಲ್ಲಿ ಮಾತ್ರ ದರ ಇರುತ್ತದೆ, ಜೊತೆಗೆ, ಚಿಲ್ಲರೆ ಸಿಕ್ಕ ಮೇಲೆ ಕೊಡುತ್ತೇನೆಂದು ಕಂಡಕ್ಟರ್ ಅದರ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದ ಬಾಕಿ.