ಬೂದಿಯ ಕೋಣೆ

ಲಿಸ್ಬನ್ನಿನ ಬೆಲೆಂ ದಂಡೆಯೆಂದರೆ ನಮ್ಮವರಿಗೆ ಒಡನೆ ನೆನಪಾಗುವವನು ವಾಸ್ಕೊ ಡ ಗಾಮ. 1497ರಲ್ಲಿ ಅವನು ಹೊರಟದ್ದು ಇಲ್ಲಿಂದಲೇ. ಆಮೇಲೆ ಪೂರ್ವದೇಶದ ಮೆಣಸಿನ ಮೇಲೆ ಹಾಕಿದ ಸುಂಕದ ನೆರವಿನಿಂದ ಇಲ್ಲಿ ಜೆರೋನಿಮೊ ಮಠವೂ ಎದ್ದಿತು.

ಅಲ್ಲಿಂದ ತೇಜೊ ನದಿಯ ಗುಂಟ ತುಸು ನಡೆದರೆ ಕಲೆ, ವಾಸ್ತುಶಿಲ್ಪ, ತಂತ್ರವಿದ್ಯೆಗಳ ಸಂಗ್ರಹಾಲಯ. ಅದರ ಹೊಸ ಕಟ್ಟಡ ತೆರೆದದ್ದು 2016ರಲ್ಲಿ; ವಾಸ್ತುಶಿಲ್ಪಿ ಬ್ರಿಟನ್ನಿನ ಅಮಾಂಡ ಲೆವೀಟ್. ಸುಮಾರು 15,000 ಪಿಂಗಾಣಿ ಬಿಲ್ಲೆಗಳನ್ನು ಹೊದ್ದ ಅದರ ಮೈ ನದಿಯ ಬೆಳಕಿನೊಡನೆ ಬಣ್ಣ ಬದಲಿಸುತ್ತದೆ. ಛಾವಣಿಯ ಮೇಲೆಯೇ ಜನ ಗಾಳಿಗೆ ತಿರುಗಾಡುತ್ತಾರೆ. ಸೊಗಸೇ ಸರಿ.

ನನ್ನ ಕಾಲು ನಿಂತದ್ದು ಮಾತ್ರ ಪಕ್ಕದಲ್ಲಿ, ಇದೇ ಸಂಗ್ರಹಾಲಯಕ್ಕೆ ಸೇರಿದ ಕೆಂಪು ಇಟ್ಟಿಗೆಯ ಹಳೆಯ ವಿದ್ಯುದಾಗಾರದಲ್ಲಿ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಲಿಸ್ಬನ್ನಿಗೆ ಬೆಳಕು ಕೊಟ್ಟದ್ದು ಇದು. ಕಲ್ಲಿದ್ದಲು ಬರುವುದಕ್ಕೂ ನದಿ ಬೇಕು, ಆವಿಯನ್ನು ತಣಿಸಿ ಮತ್ತೆ ನೀರಾಗಿಸುವುದಕ್ಕೂ ನದಿ ಬೇಕು. ಅದು ದಂಡೆಗೆ ಬಂದದ್ದು ನೋಟದ ಚೆಲುವಿಗಲ್ಲ. ಆಳೆತ್ತರವನ್ನು ಎಷ್ಟೋ ಮೀರಿದ ಬಾಯ್ಲರುಗಳ ಅಡಿಯಲ್ಲಿ ಬೂದಿಯ ಕೋಣೆಯಿದೆ. ಧಗೆಯಲ್ಲಿ, ಧೂಳಿನಲ್ಲಿ ಆಳುಗಳು ಇಲ್ಲಿ ಬೂದಿ ಎಳೆದು ಸಾಗಿಸುತ್ತಿದ್ದರು. ಗಾಮನಿಗೆ ಆ ಮಠದಲ್ಲಿ ಕೆತ್ತನೆಯ ಕಲ್ಲುಗೋರಿಯಿದೆ. ಇವರಿಗೆ ಇರುವುದು ಈ ಕೋಣೆ. ಹೊರಗೆ ಬಿಳಿಯ ಛಾವಣಿಯ ಮೇಲೆ ಜನ ಸೂರ್ಯಾಸ್ತಕ್ಕೆ ಕಾದಿದ್ದರು. ನಾನು ಇನ್ನೂ ಸ್ವಲ್ಪ ಹೊತ್ತು ಒಳಗೇ ಇದ್ದೆ.