ಹೂಳಿನಲ್ಲಿ ಉಳಿದ ಸೋಪಿನ ಚರಿತ್ರೆ

ಗಾಯಕ್ಕೆ ಹಚ್ಚಿದ, ಕೈಗೆ ತಿಕ್ಕಿದ ನಂಜುನಿರೋಧಕ ನೀರಿನೊಡನೆ ಹರಿದುಹೋದ ಮೇಲೆ ಏನಾಗುತ್ತದೆ? ರೋಗಾಣುಗಳನ್ನು ಕೊಲ್ಲುವ ಭರದಲ್ಲಿ ಈ ಪ್ರಶ್ನೆ ಕೇಳಿದವರು ಬಹುಕಾಲ ವಿರಳ.

ನಂಜುನಿರೋಧಕದ ಕಥೆಗೂ ಚರಂಡಿಗೂ ಮೊದಲಿನಿಂದಲೇ ನಂಟು. ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ಕೊಳಚೆಯ ದುರ್ನಾತ ತಡೆಯಲು ಕಾರ್ಬಾಲಿಕ್ ಆಮ್ಲ ಬಳಸುತ್ತಿದ್ದ ಸುದ್ದಿ ಗ್ಲಾಸ್ಗೋದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅವರ ಕಿವಿಗೆ ಬಿತ್ತು. 1865ರ ಆಗಸ್ಟ್‌ನಲ್ಲಿ, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಬಾಲಕನ ಗಾಯಕ್ಕೆ ಅವರು ಅದನ್ನೇ ಹಚ್ಚಿದರು. ಗಾಯ ಕೀವಾಗದೆ ಮಾಯಿತು. ಶಸ್ತ್ರವೈದ್ಯದ ದಿಕ್ಕೇ ಬದಲಾಯಿತು.

ಫಿನಾಲ್ ಎಂದೂ ಕರೆಯುವ ಈ ಆಮ್ಲ ಗಾಢವಾಗಿದ್ದಾಗ ವಿಷ. ಆದರೆ ನೀರಿನಲ್ಲಿ ತೆಳುವಾದಾಗ ಕೆಲವು ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ. ಆಮ್ಲಜನಕ ಸಿಕ್ಕರೆ ಅವು ಅದನ್ನು ಮುರಿದು, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತವೆ.

ನೂರು ವರ್ಷಗಳ ನಂತರ, 1960ರ ದಶಕದಲ್ಲಿ, ಟ್ರೈಕ್ಲೋಸಾನ್ ಬಂತು. ಆಸ್ಪತ್ರೆಯಿಂದ ಅದು ಮನೆಮನೆಯ ಸೋಪು, ಟೂತ್‌ಪೇಸ್ಟ್‌ಗಳಿಗೆ ಹಬ್ಬಿತು. ಮೂರು ಕ್ಲೋರಿನ್ ಪರಮಾಣುಗಳಿರುವ ಇದು ಬ್ಯಾಕ್ಟೀರಿಯಾಗಳಿಗೆ ಸುಲಭದ ತುತ್ತಲ್ಲ. ನೀರಿನಲ್ಲಿ ಅಷ್ಟಾಗಿ ಕರಗದೆ, ಮಣ್ಣಿನ ಕಣಗಳಿಗೆ ಅಂಟಿಕೊಂಡು ತಳ ಸೇರುತ್ತದೆ. ಬೆಳಕು, ಆಮ್ಲಜನಕ ಇಲ್ಲದ ಆ ಹೂಳಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ನೀರಿನ ಮೇಲ್ಪದರದಲ್ಲಿ ಬಿಸಿಲು ಇದನ್ನು ಬೇಗ ಒಡೆಯುತ್ತದೆ, ನಿಜ. ಆದರೆ ಹಾಗೆ ಒಡೆದಾಗ ಒಂದು ಪಾಲು ಡಯಾಕ್ಸಿನ್ ಎಂಬ ಗುಂಪಿನ ವಸ್ತುವಾಗುತ್ತದೆ. ಆ ಗುಂಪಿನ ಅತ್ಯಂತ ಕುಖ್ಯಾತ ವಿಷದಷ್ಟು ಇದು ಘೋರವಲ್ಲ. ಹಾಗೆಂದು ನಿರ್ಲಕ್ಷಿಸುವಂಥದೂ ಅಲ್ಲ.

ಸರೋವರದ ತಳದಲ್ಲಿ ಹೂಳು ಪದರ ಪದರವಾಗಿ ಕೂರುತ್ತದೆ. ಪ್ರತಿ ಪದರವೂ ಆಯಾ ಕಾಲದ ದಾಖಲೆ. ಅಮೆರಿಕದ ಮಿನಿಯಾಪೊಲಿಸ್ ನಗರದ ಕೆಳಹರಿವಿನಲ್ಲಿ, ಮಿಸಿಸಿಪ್ಪಿ ನದಿಯಲ್ಲಿರುವ ಪೆಪಿನ್ ಸರೋವರದ ಇಂಥ ಪದರಗಳನ್ನು ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಹಿಂದಿನ 30 ವರ್ಷಗಳಲ್ಲಿ ಇತರ ಡಯಾಕ್ಸಿನ್‌ಗಳು ಶೇ 73ರಿಂದ 90ರಷ್ಟು ಇಳಿದಿದ್ದವು. ಟ್ರೈಕ್ಲೋಸಾನ್‌ನಿಂದ ಹುಟ್ಟುವ ನಾಲ್ಕು ಬಗೆಗಳು ಮಾತ್ರ ಶೇ 200ರಿಂದ 300ರಷ್ಟು ಏರಿದ್ದವು.

ಇಷ್ಟಾಗಿ ಜನರಿಗೆ ಸಿಕ್ಕ ಲಾಭವೇನು? ಟ್ರೈಕ್ಲೋಸಾನ್ ಸೇರಿದಂತೆ 19 ರಾಸಾಯನಿಕಗಳುಳ್ಳ ಸೋಪುಗಳು ಸಾಮಾನ್ಯ ಸೋಪು ಮತ್ತು ನೀರಿಗಿಂತ ಮೇಲೆಂಬುದು ಸಾಬೀತಾಗಿಲ್ಲ ಎಂದು 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಹೇಳಿ, ಅವುಗಳ ಮಾರಾಟಕ್ಕೆ ತಡೆ ಹಾಕಿತು.

ಅಂಗಡಿಯಿಂದ ತೆಗೆದದ್ದು ಹೂಳಿನಿಂದ ಹೋಗಲಿಲ್ಲ. ಒಂದು ಔಷಧ ಎಷ್ಟು ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಕೇಳುವಾಗಲೇ, ಕೆಲಸ ಮುಗಿದ ಮೇಲೆ ತಾನು ಹೇಗೆ ಅಳಿಯುತ್ತದೆ ಎಂದೂ ಕೇಳಬೇಕು.