ಸಾರುವೆಯ ಮೇಲಿನ ಹೆಜ್ಜೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಹೇಳಿದವರು ಮನೆ ಕಟ್ಟಿಸುವವರ ಕಷ್ಟವನ್ನು ಬಲ್ಲವರು. ಕಟ್ಟುವವರ ಕಷ್ಟ ಅವರ ಲೆಕ್ಕಕ್ಕೆ ಬಂದಂತಿಲ್ಲ.

ವಿಜಯನಗರದ ಮಗ್ಗುಲಿನ ನಮ್ಮ ಮಾರೇನಹಳ್ಳಿ ಈಗ ಹೆಸರಿನಲ್ಲಿ ಮಾತ್ರ ಹಳ್ಳಿ. ಅಗಲಕ್ಕೆ ಜಾಗವಿಲ್ಲದ ಮನೆಗಳು ಎತ್ತರಕ್ಕೆ ಬೆಳೆಯುತ್ತವೆ. ಸರ್ವೆ ಗಳಗಳನ್ನು ಹಗ್ಗದಿಂದ ಬಿಗಿದ ಸಾರುವೆ, ಅದರ ಮೇಲೆ ಎರಡು ಹಲಗೆ, ಹಲಗೆಯ ಮೇಲೆ ತಲೆಯಲ್ಲಿ ಸಿಂಬೆ, ಸಿಂಬೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತ ಹೆಣ್ಣಾಳು. ಅವಳ ಕೂಸು ಕೆಳಗೆ ಜೋಲಿಯಲ್ಲಿ. ಕಾಲು ಜಾರಿದರೆ ಹಿಡಿದುಕೊಳ್ಳಲು ಗಾಳಿಯೊಂದೇ.

ಬಿದ್ದರೆ 'ಹಣೆಬರಹ' ಎಂದುಬಿಡುತ್ತೇವೆ. ಅಮೆರಿಕದಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಹತ್ತು ಲಕ್ಷ ಡಾಲರ್ ಖರ್ಚಿನ ಕೆಲಸಕ್ಕೆ ಒಂದು ಸಾವು ಎಂದು ಲೆಕ್ಕವನ್ನೇ ಹಾಕಿಟ್ಟಿದ್ದರು. ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಕೆಲಸಗಾರರ ಕೆಳಗೆ ಬಲೆ ಕಟ್ಟಿಸಿದ. ಅದರೊಳಗೆ ಬಿದ್ದ 19 ಜನ ಬದುಕಿಕೊಂಡರು. 1937ರ ಫೆಬ್ರವರಿ 17ರಂದು ಭಾರಿ ಅಟ್ಟಣಿಗೆಯೊಂದು ಕುಸಿದು ಬಲೆಯನ್ನೇ ಹರಿದು, 10 ಜನ ಸತ್ತರು. ಆದರೂ ಹಣೆಬರಹವನ್ನು ಒಂದಿಷ್ಟು ಹಗ್ಗದಿಂದ ತಿದ್ದಬಹುದೆಂದು ಆ ಬಲೆ ತೋರಿಸಿತ್ತು.

ನಮ್ಮಲ್ಲಿ ಕಾರ್ಖಾನೆಯವರಿಗೆ 1948ರಲ್ಲೇ ಕಾಯ್ದೆ ಬಂತು. ಬೆಂಗಳೂರಿನಲ್ಲಿ 1983ರ ಸೆಪ್ಟೆಂಬರ್ 12ರಂದು ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತಾಗ ಊರೇ ನಡುಗಿತ್ತು. ಅಂಥ ದುರಂತ ನೆನಪಿನಲ್ಲಿ ಉಳಿಯುತ್ತದೆ. ಒಬ್ಬೊಬ್ಬರಾಗಿ ಬೀಳುವವರ ಸುದ್ದಿ ಮರುದಿನಕ್ಕೇ ಹಳತು. ಕಟ್ಟಡ ಕಾರ್ಮಿಕರಿಗೆಂದೇ ದೇಶದ ಕಾಯ್ದೆ ಬಂದದ್ದು 1996ರಲ್ಲಿ. ಕರ್ನಾಟಕದ ನಿಯಮಗಳು 2006ರಲ್ಲಿ. ಬಲೆ, ಬೆಲ್ಟು, ಅಂಚಿಗೆ ತಡೆ ಎಲ್ಲವೂ ಕಾಗದಕ್ಕೆ ಬಂದವು. ಆದರೆ ಆ ಕಾಯ್ದೆ ಹತ್ತು ಜನಕ್ಕಿಂತ ಕಡಿಮೆ ಆಳುಗಳಿದ್ದ ಕಡೆ ಕಾಲಿಡಲಿಲ್ಲ. ಹತ್ತು ಲಕ್ಷದೊಳಗಿನ ಸ್ವಂತ ವಾಸದ ಮನೆಯನ್ನೂ ಬಿಟ್ಟಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಹೊಸ ಸಂಹಿತೆ ಬಂದಿದೆ. ಅದರಲ್ಲೂ ಸ್ವಂತ ವಾಸದ ಸಣ್ಣ ಮನೆಗೆ ರಿಯಾಯಿತಿಯುಂಟು. ಅಂದರೆ ನಮ್ಮ ನಿಮ್ಮಂಥವರ ಮನೆ ಕೆಲಸದ ಕಡೆ ಇನ್‌ಸ್ಪೆಕ್ಟರು ಬರುವುದು ಅಪರೂಪ. ನೋಡುವ ಕಣ್ಣಿದ್ದರೆ ಅದು ಮನೆಯೊಡತಿಯದೇ.

ಟೈಲ್ಸಿನ ಬಣ್ಣಕ್ಕೆ ನಾಲ್ಕು ಅಂಗಡಿ ಅಲೆಯುವ ನಾವು ಮೇಸ್ತ್ರಿಯನ್ನು ನಾಲ್ಕು ಮಾತು ಕೇಳಬಾರದೆ? ಸಾರುವೆಯ ಹಲಗೆಗಳ ನಡುವೆ ಸಂದು ಬಿಡದೆ ಹಾಸಿ ಕಟ್ಟಿದ್ದೀರಾ? ತಾರಸಿಯ ಅಂಚಿಗೆ ಪ್ಯಾರಾಪೆಟ್ ಏಳುವವರೆಗೆ ಸೊಂಟದೆತ್ತರದ ಅಡ್ಡಗಳ ಉಂಟೆ? ಮೆಟ್ಟಿಲಿಗೆಂದು ಬಿಟ್ಟ ಕಂಡಿಗೆ ಅಲುಗದ ಮುಚ್ಚಳವಿದೆಯೆ? ಅಂಚಿನಲ್ಲಿ ನಿಲ್ಲುವವರಿಗೆ ಎದೆ, ಭುಜ, ತೊಡೆಗಳನ್ನು ಬಳಸಿ ಬರುವ ಪಟ್ಟಿ ಕೊಟ್ಟಿದ್ದೀರಾ? ಬರೀ ಸೊಂಟದ ಬೆಲ್ಟಾದರೆ ಬಿದ್ದ ರಭಸವೆಲ್ಲ ಹೊಟ್ಟೆ, ಬೆನ್ನಿನ ಮೇಲೇ ಬರುತ್ತದೆ. ಅದರ ಹಗ್ಗವನ್ನು ಅಲ್ಲಾಡುವ ಗಳಕ್ಕಲ್ಲ, ಗಟ್ಟಿ ಕಂಬಕ್ಕೆ, ಸೊಂಟಕ್ಕಿಂತ ಮೇಲೆ ಬಿಗಿಯಬೇಕು. ಮಳೆಯಲ್ಲಿ ಹಲಗೆ ಹತ್ತಿಸಲೇಬಾರದು.

'ಅಮ್ಮಾ, ಖರ್ಚು ಜಾಸ್ತಿಯಾಗುತ್ತೆ' ಎನ್ನುತ್ತಾನೆ ಮೇಸ್ತ್ರಿ. ಆಗಲಿ. ಬಾಗಿಲ ಕೆತ್ತನೆಗೆ ಸುರಿಯುವ ಹಣದಲ್ಲಿ ಇದೆಷ್ಟರದು! ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ, ಹೆಣ್ಣಾಳಿಗೆ ಸೀರೆ ಕೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ಸೀರೆ ಉಡಲು ಅವಳು ಇರಬೇಕಲ್ಲ?